ಬಲಗೈ, ಎಡಗಣ್ಣು: ರೈಫಲ್ ಯಾವ ಹೆಗಲಿಗೆ?

ಮಗಳು ಬರೆಯೋದು ಬಲಗೈಲಿ, ಗುರಿ ಹಿಡಿಯೋ ಕಣ್ಣು ಎಡದ್ದು, ಏರ್ ರೈಫಲ್ ಯಾವ ಹೆಗಲಿಗೆ ಅಂತ ಕೇಳಿದ್ದೀರಿ. ಈಗಷ್ಟೇ ಶುರು ಮಾಡಿದ್ದಾಳಲ್ಲ, ಎಡ ಹೆಗಲಿಗೇ ಕೊಡಿಸಿ ಸರ್.

ಮೊದಲು ಕಣ್ಣು ಖಚಿತ ಮಾಡ್ಕೊಳ್ಳಿ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ಕೈ ಚಾಚಿ, ತೋಟದಾಚೆಯ ಒಂದು ಸಿಲ್ವರ್ ಮರ ನೋಡೋಕೆ ಹೇಳಿ. ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಮರ ಮಾಯವಾಗುತ್ತೋ ಅದೇ ಯಜಮಾನ. ನಾಲ್ಕೈದು ಸಲ ಮಾಡಿಸಿ, ಮಕ್ಕಳು ಆಟಕ್ಕೆ ಬದಲಾಯಿಸಿಬಿಡ್ತಾರೆ.

ಮೂಡಿಗೆರೆಯಲ್ಲಿ ನನ್ನದೂ ಇದೇ ಕತೆ. ಬಲ ಹೆಗಲಲ್ಲೇ ಹಟ ಹಿಡಿದು, ಎಡಗಣ್ಣು ರೈಫಲ್ಲಿನ ಸೈಟಿಗೆ (ಗುರಿ ನೋಡೋ ಕಿಂಡಿಗೆ) ತರೋಕೆ ಕತ್ತು ವಾಲಿಸಿ ವಾಲಿಸಿ ನೋವು ತಂದುಕೊಂಡೆ. 10 ಮೀಟರ್ ರೈಫಲ್ಲಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ., ಕೆನ್ನೆ ಒಂಚೂರು ಜರುಗಿದರೂ ಕೆಟ್ಟಿತು.

ಪಿಸ್ತೂಲಾದರೆ ಚಿಂತೆಯಿಲ್ಲ, ಬಲಗೈಲೇ ಹಿಡಿದು ತಲೆ ಸ್ವಲ್ಪ ತಿರುಗಿಸಿದರೆ ಸಾಕು.

ಬಲ ಹೆಗಲೇ ಬೇಕು ಅಂತ ಅವಳು ಅತ್ತರೆ, ಎಡಗಣ್ಣಿನ ಮುಂದೆ ಮಂಜು ಬಣ್ಣದ ಪ್ಲಾಸ್ಟಿಕ್ ಪಟ್ಟಿ ಹಾಕಿಸಿ, ಅಗಲ 30 ಮಿ.ಮೀ. ದಾಟಬಾರದು. ಕಣ್ಣು ಬಿಗಿಯಾಗಿ ಮುಚ್ಚಿಸೋದು ಮಾತ್ರ ಬೇಡ, ಇನ್ನೊಂದು ಕಣ್ಣೂ ದಣಿಯುತ್ತೆ.