ಅಜ್ಟೆಕ್ ಕೊಳಲಿನ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡಬೇಕು?

ಸ್ಪೇನಿನವರು ಬರುವ ಮೊದಲು ಮೆಕ್ಸಿಕೋದಲ್ಲಿ ಆಳುತ್ತಿದ್ದ ಅಜ್ಟೆಕ್ ಜನರ ಸಂಸ್ಕೃತಿಯನ್ನು ಆಧರಿಸಿದ, ಈ ಕಾಲದ ಕೊಳಲು ಕಾನ್ಸರ್ಟೊ (ವಾದ್ಯವೃಂದದ ಜೊತೆ ಒಬ್ಬರೇ ಮುಖ್ಯವಾಗಿ ಕೊಳಲು ನುಡಿಸುವ ಕೃತಿ) ಕೇಳಬೇಕು, ಆದರೆ ಅದರಲ್ಲಿ ನಿಜವಾದ ಅಜ್ಟೆಕ್ ಸಂಗೀತ ಎಷ್ಟಿರುತ್ತೆ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ, ಅವರ ಹಳೆಯ ರಾಗ ಒಂದೂ ನಮಗೆ ಸಿಕ್ಕಿಲ್ಲ. ಅವರು ಸ್ವರ ಬರೆದಿಡಲಿಲ್ಲ. ಉಳಿದದ್ದು ವಾದ್ಯಗಳು, ಚಿತ್ರಗಳು, ಮತ್ತೆ 16ನೇ ಶತಮಾನದಲ್ಲಿ ಸಹಗುನ್ ಎಂಬ ಸ್ಪೇನಿನ ಪಾದ್ರಿ ಅಲ್ಲಿನ ಜನರನ್ನು ಕೇಳಿ ಬರೆಸಿದ ವಿವರಗಳು. ಹಾಗಾಗಿ ಇವತ್ತು ಯಾರೇ ಬರೆದರೂ ಅದು ಊಹೆಯ ಸಂಗೀತವೇ.

ಅದನ್ನು ಮುಚ್ಚಿಡದೆ ಹೇಳಿದವರು ಮೆಕ್ಸಿಕೋದ ಸಂಗೀತ ರಚನಕಾರ ಕಾರ್ಲೋಸ್ ಚಾವೆಸ್. 1940ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಮೆಕ್ಸಿಕೋ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕೆಂದು ಅವರು 'ಸೋಚಿಪಿಲ್ಲಿ' ಬರೆದರು. ಅದು ಹೂವು, ಹಾಡು, ಕುಣಿತಗಳ ದೇವರ ಹೆಸರು. 'ಊಹಿಸಿಕೊಂಡ ಅಜ್ಟೆಕ್ ಸಂಗೀತ' ಅಂತ ಹೆಸರಿನ ಕೆಳಗೇ ಬರೆದಿದ್ದಾರೆ. ಇದು ಕಾನ್ಸರ್ಟೊ ಅಲ್ಲ, ಆದರೆ ನೀವು ಇಲ್ಲಿಂದಲೇ ಶುರು ಮಾಡಿ. ಪಿಕ್ಕೊಲೊ ಎಂಬ ಪುಟ್ಟ ಕೊಳಲು, ಕೊಳಲು, ಚಿಕ್ಕ ಕ್ಲಾರಿನೆಟ್, ಟ್ರಾಂಬೋನ್ ಎಂಬ ಹಿತ್ತಾಳೆಯ ತುತ್ತೂರಿ, ಜೊತೆಗೆ ತಾಳವಾದ್ಯದ ಆರು ಜನ, ಅಷ್ಟೇ. ಟ್ರಾಂಬೋನ್ ಇಲ್ಲಿ ಶಂಖದ ಜಾಗ ತುಂಬುತ್ತದೆ. ಟೆಪೊನಾಸ್ಟ್ಲಿಯನ್ನು ಗಮನಿಟ್ಟು ಕೇಳಿ. ಟೊಳ್ಳು ಮಾಡಿದ ಮರದ ದಿಮ್ಮಿ ಅದು. ಮೇಲೆ ಸೀಳಿ ಎರಡು ನಾಲಿಗೆ ಬಿಟ್ಟಿರುತ್ತಾರೆ, ಒಂದೊಂದಕ್ಕೂ ಒಂದೊಂದು ಸ್ವರ. ಮೋಹನ ರಾಗ ಕೇಳಿ ಬೆಳೆದ ಕಿವಿಗೆ ಈ ಕೃತಿಯ ಐದು ಸ್ವರದ ನಡೆ ಹೊರಗಿನದು ಅನ್ನಿಸುವುದಿಲ್ಲ.

ಇನ್ನು ಅಜ್ಟೆಕರ ಕೊಳಲು. ನಾನು ನುಡಿಸುವುದು ಎಂಟು ರಂಧ್ರದ ಬಿದಿರಿನ ಕೊಳಲು. ಅವರದು ಮಣ್ಣಿನದು, ಸಾಮಾನ್ಯವಾಗಿ ನಾಲ್ಕೇ ರಂಧ್ರ. ಪೀಪಿಯ ಹಾಗೆ ತುದಿಯಿಂದ ಊದಬೇಕು. ಇನ್ನೊಂದು ತುದಿ ಎಷ್ಟೋ ಕೊಳಲುಗಳಲ್ಲಿ ಅರಳಿದ ಹೂವಿನ ಆಕಾರದಲ್ಲಿರುತ್ತದೆ.

ಕಾನ್ಸರ್ಟೊ ಎಂದರೆ ದೊಡ್ಡ ವಾದ್ಯವೃಂದದ ಎದುರು ಒಬ್ಬನೇ ನಿಲ್ಲುವುದು, ಅಲ್ವಾ? ಸಹಗುನ್ ಬರೆಸಿದ ಟೋಷ್ಕಟ್ಲ್ ಹಬ್ಬದಲ್ಲೂ ಹಾಗೆ ಒಬ್ಬ ಇದ್ದಾನೆ. ಮೈಯಲ್ಲಿ ಒಂದು ಕಲೆಯೂ ಇಲ್ಲದ ಯುವಕನನ್ನು ಆರಿಸುತ್ತಿದ್ದರು. ಒಂದು ವರ್ಷ ಅವನೇ ಟೆಸ್ಕಟ್ಲಿಪೋಕ ದೇವರು. ಅವನಿಗೆ ಕೊಳಲು ಚೆನ್ನಾಗಿ ಕಲಿಸುತ್ತಿದ್ದರು. ಅವನು ಹೂ ಹಿಡಿದು, ನುಡಿಸುತ್ತಾ ಊರೆಲ್ಲ ಓಡಾಡುತ್ತಿದ್ದ. ಕೊನೆಯ ದಿನ ಬಲಿಗೆಂದು ಗುಡಿಯ ಮೆಟ್ಟಿಲು ತಾನೇ ಹತ್ತುತ್ತಿದ್ದ. ಆ ವರ್ಷವೆಲ್ಲ ನುಡಿಸಿದ ಕೊಳಲುಗಳನ್ನು ಒಂದೊಂದು ಮೆಟ್ಟಿಲಿಗೆ ಒಂದೊಂದರಂತೆ ಮುರಿಯುತ್ತಾ ಹೋಗುತ್ತಿದ್ದ.

ಇದನ್ನು ಓದಿದ ಮೇಲೆ 'ಸೋಚಿಪಿಲ್ಲಿ'ಯನ್ನು ಇನ್ನೊಮ್ಮೆ ಹಾಕಿ ಕೇಳಿದೆ. ನಡುವಿನ ನಿಧಾನದ ಭಾಗದಲ್ಲಿ ಕೊಳಲು ಬಂದಾಗ ಆ ಮೆಟ್ಟಿಲುಗಳೇ ಕಣ್ಣ ಮುಂದೆ ಬಂದವು.