ಗ್ಲಾಸ್ ಎಪಾಕ್ಸಿ ಹಾಳೆಗೆ ಡ್ರಿಲ್ ಮೊಂಡಾದರೆ

ಗೋಣಿಕೊಪ್ಪದಿಂದ ಕೇಳಿದವರಿಗೆ ಈ ಉತ್ತರ. 12 ಮಿ.ಮೀ. ದಪ್ಪದ ಗ್ಲಾಸ್ ಎಪಾಕ್ಸಿ ಹಾಳೆಗೆ 8 ಮಿ.ಮೀ. ತೂತು ಹಾಕಲು ಹೋದರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ) ಡ್ರಿಲ್ ನಾಲ್ಕನೇ ತೂತಿಗೇ ಮೊಂಡಾಯಿತು, ಅಡಿಯ ಪದರ ಎದ್ದು ಬಂತು, ಮೈಯೆಲ್ಲ ತುರಿಕೆ ಎಂದು ಬರೆದಿದ್ದೀರಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಶಾಫ್ಟಿಗೆ ಗ್ಲಾಸ್ ನೈಲಾನ್ (ಗಾಜಿನ ಎಳೆ ಬೆರೆಸಿದ ನೈಲಾನ್) ಬುಶ್, ಅಂದರೆ ಶಾಫ್ಟ್ ಒಳಗೆ ತಿರುಗುವ ಕೊಳವೆಯಂಥ ತುಂಡು, ಕಡೆಯಬಹುದೇ ಎಂದೂ ಕೇಳಿದ್ದೀರಿ.

ನಿಮ್ಮ ಡ್ರಿಲ್ ಕಳಪೆಯದಲ್ಲ, ಅಂಗಡಿಯವನನ್ನು ಬೈಯಬೇಡಿ. ಹಾಳೆಯೊಳಗೆ ಇರುವುದು ಎಪಾಕ್ಸಿ ಅಂಟಿನಲ್ಲಿ ಗಟ್ಟಿಯಾಗಿಸಿದ ಗಾಜಿನ ನೂಲಿನ ಬಟ್ಟೆ. ಡ್ರಿಲ್ ಗಾಜನ್ನು ಕತ್ತರಿಸುತ್ತಿದೆ ಎಂದು ನಾವು ಅಂದುಕೊಂಡಿರುತ್ತೇವೆ, ಅಷ್ಟರಲ್ಲಿ ಗಾಜು ಡ್ರಿಲ್ಲಿನ ಅಂಚನ್ನು ತಿಂದು ಮುಗಿಸಿರುತ್ತದೆ. ಇದಕ್ಕೆ ಉಕ್ಕಿಗಿಂತ ಬಹಳ ಗಟ್ಟಿಯಾದ ಕಾರ್ಬೈಡ್ ಡ್ರಿಲ್ಲೇ ಬೇಕು. ನಿಮ್ಮದು ಹದಿನಾರೇ ತೂತು, ಒಂದು ಸಾಕಾಗುತ್ತದೆ. ಗೋಡೆ ಕೊರೆಯುವ ಬಿಟ್ಟಿನ ತುದಿಯಲ್ಲಿರುವುದೂ ಕಾರ್ಬೈಡೇ, ಆದರೆ ಅದರ ಅಂಚು ಬೋಳು. ಹಸಿರು ಸಾಣೆಕಲ್ಲಿನಲ್ಲಿ ಹರಿತ ಮಾಡಿಕೊಂಡರೆ ತುರ್ತಿಗೆ ನಡೆಯುತ್ತದೆ. ಸಾಮಾನ್ಯ ಬೂದು ಕಲ್ಲಿಗೆ ಅದು ಜಗ್ಗುವುದಿಲ್ಲ.

ಇನ್ನು ಕೈಯ ವಿಷಯ. ಹೆದರಿ ಮೆಲ್ಲಗೆ ಒತ್ತುತ್ತೀರಲ್ಲ, ಅದೇ ತಪ್ಪು. ಕೊರೆಯದೆ ಸುಮ್ಮನೆ ಉಜ್ಜುವ ಅಂಚಿನಷ್ಟು ಬೇಗ ಸವೆಯುವುದು ಬೇರೊಂದಿಲ್ಲ. ಕಾರ್ಬೈಡ್ ಹಾಕಿದ ಮೇಲೆ ನಿಮಿಷಕ್ಕೆ 2000 ಸುತ್ತು ಇಟ್ಟು, ಒಂದೇ ಸಮನೆ ಒತ್ತಿ, ತೂತಿನ ನಡುವೆ ನಿಲ್ಲಬೇಡಿ. ಪುಡಿ ಬೆಳ್ಳಗೆ ಉದುರುತ್ತಿದ್ದರೆ ಸರಿ. ಕಂದು ಬಣ್ಣ ಬಂದು ಸುಟ್ಟ ವಾಸನೆ ಹೊಡೆದರೆ ಡ್ರಿಲ್ ಉಜ್ಜುತ್ತಿದೆ ಎಂದೇ ಅರ್ಥ. ಎಪಾಕ್ಸಿ ಕರಗುವುದಿಲ್ಲ, ಕರಕಲಾಗುತ್ತದೆ. ಪದರ ಏಳದಿರಲು ಹಾಳೆಯ ಅಡಿಗೆ ಮರದ ಹಲಗೆ ಇಟ್ಟು ಎರಡನ್ನೂ ಬಿಗಿಯಾಗಿ ಕ್ಲ್ಯಾಂಪ್ ಮಾಡಿ. ಹಲಗೆಯಲ್ಲಿ ಹಳೆಯ ತೂತಿರುವ ಜಾಗ ಬೇಡ, ಪ್ರತಿ ಸಲ ಹೊಸ ಜಾಗಕ್ಕೆ ಸರಿಸಿ.

ತುರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚರ್ಮಕ್ಕೆ ಚುಚ್ಚಿದ್ದೇ ಉಸಿರಿನೊಳಗೂ ಹೋಗುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಮತ್ತು ಕನ್ನಡಕ ಬೇಕು. ಕಂಪ್ರೆಸರ್ ಗಾಳಿ ಊದಿ ಪುಡಿ ಓಡಿಸುವ ಚಟ ನಮ್ಮಲ್ಲಿ ಬಹಳ. ಓಡಿದ ಪುಡಿ ಅರ್ಧ ಗಂಟೆಯಲ್ಲಿ ನಮ್ಮ ಕುತ್ತಿಗೆಗೇ ವಾಪಸು ಬರುತ್ತದೆ. ಡ್ರಿಲ್ಲಿನ ಪಕ್ಕದಲ್ಲೇ ವ್ಯಾಕ್ಯೂಮಿನ ಕೊಳವೆ ಹಿಡಿಯಲು ಒಬ್ಬರನ್ನು ನಿಲ್ಲಿಸಿ, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾಫಿ ಒಣಗಿಸುವ ಕಣದ ಹತ್ತಿರ ಈ ಕೆಲಸ ಖಂಡಿತ ಬೇಡ. ಹಾಕಿದ್ದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ. ಒಮ್ಮೆ ಹಾಕಿ ಮನೆಯಲ್ಲಿ ಮೂರು ದಿನ ಮಾತು ಕೇಳಿದ್ದೇನೆ.

ಲೇತಿನಲ್ಲಿ ಗಾಜು ತುಂಬಿದ ಯಾವುದನ್ನು ಕಡೆದರೂ ಮೊದಲು ಬೆಡ್ಡಿನ (ಟೂಲ್ ಸರಿದಾಡುವ ಹಳಿಯ) ಮೇಲೆ ಹಳೆಯ ಪತ್ರಿಕೆ ಹಾಸಿ. ಈ ಪುಡಿ ಎಣ್ಣೆಗೆ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟಿನಂತಾಗಿ ಬೆಡ್ಡನ್ನೇ ಸವೆಸುತ್ತದೆ. ಕೆಲಸ ಮುಗಿದ ಮೇಲೆ ಹಳೆಯ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದು ಹೊಸದು ಹಾಕಿ.

ಬುಶ್‌ಗೆ ಮಾತ್ರ ಗ್ಲಾಸ್ ನೈಲಾನ್ ಬೇಡ ಎನ್ನುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತೋಟದ ಪಲ್ಪರಿಗೆ ನಾನೇ ಕಡೆದು ಕೊಟ್ಟಿದ್ದೆ, ನೋಡಲು ಚೆನ್ನಾಗಿತ್ತು. ಕಡೆದ ಮೇಲ್ಮೈಯಲ್ಲಿ ಗಾಜಿನ ಎಳೆಗಳ ತುದಿ ಹೊರಗೆ ಚಾಚಿಕೊಂಡಿರುತ್ತವೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಹಂಗಾಮು ಮುಗಿಯುವಷ್ಟರಲ್ಲಿ ಮೆದು ಉಕ್ಕಿನ ಶಾಫ್ಟಿನ ಮೇಲೆ ಉಂಗುರದಂತೆ ಗೀರು ಬಿದ್ದಿತ್ತು. ಹೋಗಬೇಕಾದದ್ದು ಬುಶ್, ಹೋದದ್ದು ಶಾಫ್ಟ್! ಗಾಜಿಲ್ಲದ, ಎಣ್ಣೆ ಬೆರೆಸಿದ ಎರಕದ ನೈಲಾನ್ ಸರಳು ಸಿಗುತ್ತದೆ, ಅದನ್ನೇ ತರಿಸಿ. ಎಚ್‌ಎಸ್‌ಎಸ್ ಟೂಲಿನಲ್ಲೇ ಬೆಣ್ಣೆಯಂತೆ ಕಡೆಯುತ್ತದೆ.

ಆದರೆ ನೈಲಾನ್ ನೀರು ಕುಡಿದು ಉಬ್ಬುತ್ತದೆ. ಗಾಜಿಲ್ಲದ್ದು ಇನ್ನೂ ಹೆಚ್ಚು. ಪಲ್ಪರ್ ನೀರಿನಲ್ಲೇ ದುಡಿಯುವ ಯಂತ್ರ, ಮೇಲೆ ನಮ್ಮ ಮಳೆಗಾಲ ಬೇರೆ. ಹಿತ್ತಾಳೆ ಬುಶ್‌ಗೆ ಬಿಡುವ ಸಂದನ್ನೇ ಬಿಟ್ಟರೆ ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಬಿಡಬೇಕೆಂದು ಹೇಳಲು ಶಾಫ್ಟಿನ ವ್ಯಾಸ ಮತ್ತು ಬುಶ್ಶಿನ ಗೋಡೆಯ ದಪ್ಪ ಬೇಕು. ವರ್ನಿಯರ್‌ನಲ್ಲಿ ಅಳೆದು ಇಲ್ಲೇ ಹಾಕಿ. ಶಾಫ್ಟ್ ಸವೆದ ಜಾಗದಲ್ಲೂ ಸವೆಯದ ಜಾಗದಲ್ಲೂ, ಎರಡೂ ಕಡೆ ಅಳೆಯಿರಿ.