ಮೊದಲ ಚಳಿಗಾಲವನ್ನೇ ಅಳತೆಗೋಲು ಮಾಡಿಕೊಳ್ಳಬೇಡ

ತಮ್ಮಾ, ನನ್ನನ್ನು ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ಸಲುಗೆಯಿಂದ ಏಕವಚನದಲ್ಲೇ ಬರೆಯುತ್ತೇನೆ. 2023ರ ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಕೆನಡಾದ ರಾಜಧಾನಿ ಒಟ್ಟಾವಾಕ್ಕೆ ಬಂದವನು, ಒಂದು ಚಳಿಗಾಲ ಕಳೆದು ಈಗ ಕೇಳುತ್ತಿದ್ದೀಯ: "ಎಲ್ಲರೂ ಹೆದರಿಸಿದಷ್ಟು ಚಳಿಯೇನೂ ಇರಲಿಲ್ಲ. ದಪ್ಪ ಕೋಟಿಗೆ, ಚಳಿಗಾಲದ ಟೈರಿಗೆ ಅಷ್ಟು ದುಡ್ಡು ಸುರಿಯಲೇಬೇಕೇ? ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದೇ?"

ಕೋಟು ಕೊಂಡುಕೋ. ಟೈರು ಹಾಕಿಸು. ಅಪ್ಪ ಅಮ್ಮನನ್ನು ಮೇ ತಿಂಗಳಲ್ಲಿ ಕರೆಸು.

ನೀನು ಕಳೆದದ್ದು ಎಂಥ ಚಳಿಗಾಲ ಎಂಬುದು ನಿನಗೆ ಗೊತ್ತಿರಲಿ. ದೇಶವ್ಯಾಪಿ ಲೆಕ್ಕ ಸಿಗುವ 1948ರಿಂದ ಈಚೆಗೆ ಕೆನಡಾ ಕಂಡ ಚಳಿಗಾಲಗಳಲ್ಲೆಲ್ಲ ಅತಿ ಬೆಚ್ಚಗಿನದು ಈ 2023-24ರದು. 1961ರಿಂದ 1990ರವರೆಗಿನ ಸರಾಸರಿಗಿಂತ 5.2 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಪೆಸಿಫಿಕ್ ಸಾಗರದ ನೀರು ಕಾದು ಹುಟ್ಟಿದ ಎಲ್ ನಿನೋ ಅದಕ್ಕೊಂದು ಕಾರಣ. ನೀನು ಊರು ಬಿಟ್ಟ ವರ್ಷವೇ ಮುಂಗಾರು ಕೈಕೊಟ್ಟು, ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರಲ್ಲ, ಅಲ್ಲಿಯೂ ಇದರದೇ ಕೈವಾಡವಿತ್ತು. ಊರಿನಲ್ಲಿ ಮಳೆಯನ್ನು ತಡೆದದ್ದು ಇಲ್ಲಿ ನಿನಗೆ ಚಳಿ ತಗ್ಗಿಸಿ ಕೊಟ್ಟಿತು. ಆದರೆ ಎಲ್ ನಿನೋ ಬಂದ ಹಾಗೆಯೇ ಹೋಗುತ್ತದೆ.

ನನ್ನ ಮೊದಲ ಚಳಿಗಾಲ 2007-08ರದು. ಆ ವರ್ಷ ಈ ಊರಿನಲ್ಲಿ ಬಿದ್ದ ಹಿಮ ಒಟ್ಟು ನಾಲ್ಕು ಮೀಟರ್ ದಾಟಿತ್ತು. ಅದಕ್ಕಿಂತ ಹೆಚ್ಚು ಬಿದ್ದದ್ದು 1970-71ರಲ್ಲಿ ಮಾತ್ರ. ಮನೆಯ ಮುಂದೆ ಕಾರು ನಿಲ್ಲಿಸುವ ಜಾಗದ ಎರಡೂ ಬದಿ ನನ್ನ ತಲೆಗಿಂತ ಎತ್ತರದ ಹಿಮದ ಗೋಡೆ ಎದ್ದಿತ್ತು. ಸಲಿಕೆಯಲ್ಲಿ ಎತ್ತಿದ ಹಿಮವನ್ನು ಅದರಾಚೆ ಎಸೆಯಲು ಕೈ ಎಟುಕದೆ, ಅರ್ಧ ನಮ್ಮ ತಲೆಯ ಮೇಲೆಯೇ ಉದುರುತ್ತಿತ್ತು. ಆರು ವರ್ಷದ ಮಗ ಆ ಗೋಡೆಯಲ್ಲಿ ಗುಹೆ ಕೊರೆದು ಒಳಗೆ ಕುಳಿತುಕೊಳ್ಳುತ್ತಿದ್ದ. ಎಲ್ಲ ವರ್ಷವೂ ಹೀಗೆಯೇ ಇರುತ್ತದೆ ಎಂದುಕೊಂಡು ನಾನು ಅತ್ತುಬಿಟ್ಟಿದ್ದೆ. ನಾನು ಆಗ ಮಾಡಿದ ತಪ್ಪನ್ನೇ ನೀನು ಈಗ ತಿರುಗಾಮುರುಗಾ ಮಾಡುತ್ತಿದ್ದೀಯ. ಊರಿನಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ. ಆ ವರ್ಷ ಇಲ್ಲಿ ಯುಗಾದಿ ಬಂದಾಗಲೂ ಹಿತ್ತಲಿನಲ್ಲಿ ಹಿಮ ಕರಗಿರಲಿಲ್ಲ.

ಹಾಗೆಂದು ಆ ಹಳೆಯ ಚಳಿಗಾಲಗಳು ಇದ್ದ ಹಾಗೆಯೇ ಮರಳುತ್ತವೆ ಎಂದೂ ಹೇಳಲಾರೆ. 1948ರಿಂದ ಇಲ್ಲಿಯವರೆಗೆ ಕೆನಡಾದ ಚಳಿಗಾಲ ಸರಾಸರಿ ಮೂರು ಡಿಗ್ರಿಗೂ ಹೆಚ್ಚು ಬೆಚ್ಚಗಾಗಿದೆ. ಈ ಊರಿನವರಿಗೆ ಅದು ಅರಿವಾಗುವುದು ಊರ ನಡುವೆ ಹಾಯುವ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ರಿಡೋ ಕಾಲುವೆಯಲ್ಲಿ. 1971ರ ಜನವರಿಯಿಂದ 2022ರವರೆಗೆ ಪ್ರತಿ ಚಳಿಗಾಲದಲ್ಲೂ ಅದರ ಮೇಲೆ ಜನ ಸ್ಕೇಟಿಂಗ್ ಮಾಡುತ್ತಾ ಬಂದಿದ್ದರು; ಈಗ ಆ ದಾರಿಯ ಉದ್ದ 7.8 ಕಿಲೋಮೀಟರ್. ಕಚೇರಿಗೂ ಹಾಗೆಯೇ ಹೋಗುವವರಿದ್ದಾರೆ. ಜನರನ್ನು ಬಿಡಬೇಕೆಂದರೆ ಮಂಜುಗಡ್ಡೆ ಸುಮಾರು 30 ಸೆಂಟಿಮೀಟರ್ ದಪ್ಪವಾಗಬೇಕು. ಅದಕ್ಕೆ ಮೈನಸ್ 10, ಮೈನಸ್ 20 ಡಿಗ್ರಿಯ ಚಳಿ ಹತ್ತು ಹದಿನೈದು ದಿನ ಬಿಡದೆ ಹಿಡಿಯಬೇಕು. ನಡುವೆ ಒಂದು ಮಳೆ ಬಿದ್ದರೂ ಗಡ್ಡೆ ಟೊಳ್ಳಾಗುತ್ತದೆ. 1971-72ರಲ್ಲಿ 90 ದಿನ ಸ್ಕೇಟಿಂಗ್ ನಡೆದಿತ್ತು. 2015-16ರಲ್ಲಿ, ಅದೂ ಎಲ್ ನಿನೋ ವರ್ಷವೇ, 18 ದಿನ. 2022-23ರಲ್ಲಿ ಒಂದು ದಿನವೂ ಇಲ್ಲ. ಇತಿಹಾಸದಲ್ಲೇ ಮೊದಲ ಸಲ. ನೀನು ಬಂದ ವರ್ಷ ಹತ್ತು ದಿನ.

ಕಾಲುವೆ ತೆರೆಯದ ಆ ವರ್ಷದ ಫೆಬ್ರುವರಿಯಲ್ಲಿ ನಾನೂ ಮಗನೂ ದಡದ ಮೇಲೆ ನಿಂತಿದ್ದೆವು. ಗಡ್ಡೆಯ ಮೇಲೆ ಕಂದು ನೀರು ನಿಂತು ಆಕಾಶ ಕಾಣುತ್ತಿತ್ತು. ಮಗ ಏನೂ ಮಾತಾಡದೆ ಸ್ಕೇಟುಗಳ ಲೇಸನ್ನು ಗಂಟು ಹಾಕಿ ಮತ್ತೆ ಹೆಗಲಿಗೆ ಏರಿಸಿಕೊಂಡ. ಊರಿನ ಕೆರೆ ತುಂಬದೆ ಹೋದ ವರ್ಷ ಅಪ್ಪ ಏರಿಯ ಮೇಲೆ ನಿಂತು ನೋಡುತ್ತಿದ್ದುದು ನನಗೆ ನೆನಪಾಯಿತು. ಬೆಚ್ಚಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನೀನು ಬರೆದಿದ್ದೀಯ. ಇನ್ನೊಂದೆರಡು ವರ್ಷ ಇಲ್ಲಿದ್ದರೆ ನೀನೂ ಹಾಗೆ ಬರೆಯಲಾರೆ.

ಇನ್ನೊಂದು ಮುಖ್ಯವಾದ ಮಾತು. ಬೆಚ್ಚಗಿನ ಚಳಿಗಾಲ ಹೆಚ್ಚು ಸುರಕ್ಷಿತ ಎಂದುಕೊಳ್ಳಬೇಡ. ಮೈನಸ್ 20ರಲ್ಲಿ ಹಿಮ ಒಣಗಿರುತ್ತದೆ, ಬೂಟಿನಡಿ ಕಿರ್ ಕಿರ್ ಎನ್ನುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಮಧ್ಯಾಹ್ನ ಕರಗಿದ್ದು ರಾತ್ರಿ ಗಾಜಾಗುತ್ತದೆ. ಅಂಥದ್ದೇ ಒಂದು ಜನವರಿ ಮುಂಜಾನೆ, ಕಸದ ಡಬ್ಬಿ ತರಲೆಂದು ಹೋದವಳು ಜಾರಿ ಮಣಿಕಟ್ಟು ಮುರಿದುಕೊಂಡೆ. ಒದ್ದೆಯೆಂದು ಕಂಡದ್ದು ತೆಳ್ಳಗಿನ ಮಂಜುಗಡ್ಡೆಯಾಗಿತ್ತು. ಆರು ವಾರ ಪ್ಲಾಸ್ಟರ್. ಚಪಾತಿ ಲಟ್ಟಿಸುವಾಗ ಇಂದಿಗೂ ನೋಯುತ್ತದೆ. ಅಪ್ಪ ಅಮ್ಮನನ್ನು ಮೇ ತಿಂಗಳಿಗೆ ಕರೆಸು ಎಂದದ್ದು ಚಳಿಗೆ ಹೆದರಿ ಅಲ್ಲ, ಈ ಗಾಜಿಗೆ ಹೆದರಿ. ಎಪ್ಪತ್ತರ ಮೂಳೆಗೆ ಒಂದೇ ಜಾರು ಸಾಕು.

ಟೈರಿನ ವಿಷಯವೂ ಇದೇ. ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕಡ್ಡಾಯವಿಲ್ಲ, ನಿಜ. ನದಿಯಾಚೆ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಚಳಿಗೆ ಸಾಮಾನ್ಯ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ, ಹಿಮ ಇರಲಿ ಬಿಡಲಿ. ಬೂಟಿಗೆ ತೊಡಿಸುವ ಮುಳ್ಳುಪಟ್ಟಿಯನ್ನೂ ಒಂದು ಜೊತೆ ತಂದಿಟ್ಟುಕೋ, ಬೆಲೆ ಹೆಚ್ಚಿಲ್ಲ.

ಸ್ಕೇಟು ಮಾತ್ರ ಕೊಳ್ಳಬೇಡ. ಮಗ ಬಿಟ್ಟುಹೋದ ಎರಡು ಜೊತೆ ಗ್ಯಾರೇಜಿನಲ್ಲಿ ನೇತಾಡುತ್ತಿವೆ. ನಿನ್ನ ಕಾಲಿನ ಅಳತೆ ತಿಳಿಸು. ಕಾಲುವೆ ತೆರೆದ ದಿನವೇ ಹೇಳಿಕಳುಹಿಸುತ್ತೇನೆ. ಕಚೇರಿಗೆ ರಜೆ ಹಾಕಿ ಬಾ.